ಬುಧವಾರದ ತೇಪೆ

ಇಲೊಯಿಲೊ ಪಟ್ಟಣದಿಂದ ಗಿಮರಾಸ್ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ತಿರ್ಸೊ ಯಾವತ್ತೂ ಎಡಗಡೆಯೇ ಕೂರುತ್ತಿದ್ದ. ಬಲಗಡೆ ಕೂತರೆ ಅಲೆ ಹಾರಿ ಅಂಗಿ ನೆನೆಯುತ್ತದೆ. ಕಂಪ್ಯೂಟರ್ ರಿಪೇರಿಯವನ ಅಂಗಿ ನೆನೆದರೆ ಯಾರ ಗಂಟು ಹೋಗುತ್ತದೆ ಎಂದು ಕೇಳಬೇಡಿ. ಉಳಿದ ದಿನಗಳಲ್ಲಿ ಮಾಸಲು ಬನಿಯನ್ನಿನಲ್ಲೇ ಕಾಲ ಹಾಕುವ ಆ ಮನುಷ್ಯ ತಿಂಗಳಿಗೊಂದು ಬುಧವಾರ ಮಾತ್ರ ಇಸ್ತ್ರಿ ಅಂಗಿ ತೊಟ್ಟು, ಉಳಿದಿದ್ದ ನಾಲ್ಕು ಕೂದಲಿಗೆ ನೀರು ಹಚ್ಚಿ ಬಾಚಿ, ಹೆಣ್ಣು ನೋಡಲು ಹೊರಟವನ ಹಾಗೆ ಹೊರಡುತ್ತಿದ್ದ. ವಯಸ್ಸು ಐವತ್ನಾಲ್ಕು. ಮದುವೆಯಾಗಿರಲಿಲ್ಲ. ನೋಡಲು ಹೋಗುತ್ತಿದ್ದದ್ದೂ ಹೆಣ್ಣನ್ನಲ್ಲ, ಒಂದು ಮುದಿ ಕಂಪ್ಯೂಟರನ್ನು. ಕನಿಷ್ಠ ಬಾಯಲ್ಲಿ ಹೇಳಿಕೊಳ್ಳುವುದು ಹಾಗೆ.

ಇವತ್ತು ಏಪ್ರಿಲ್ ತಿಂಗಳ ಬುಧವಾರ. ದೋಣಿ ತುಂಬ ಮಾವಿನಹಣ್ಣಿನ ಖಾಲಿ ಬುಟ್ಟಿಗಳು, ಅವುಗಳ ನಡುವೆ ಇವನು ಮಂಕಾಗಿ ಕೂತಿದ್ದ. ತಿಂಗಳಿಗೊಂದು ಮಂಗಳವಾರ ಅಮೆರಿಕದಲ್ಲಿ ಹೊರಬರುವ ಅಪ್‌ಡೇಟುಗಳಲ್ಲಿ ಆ ಮುದಿ ಯಂತ್ರಕ್ಕೆ ಕೊನೆಯದು ನಿನ್ನೆ ಬಿಡುಗಡೆಯಾಗಿತ್ತು. ಇನ್ನು ಮುಂದೆ ಬರುವುದೇ ಇಲ್ಲ. ಅಪ್‌ಡೇಟ್ ಬರದಿದ್ದರೆ ಇವನು ಯಾವ ಮುಖ ಹೊತ್ತುಕೊಂಡು ಬ್ವೆನಾವಿಸ್ತಾ ಊರಿಗೆ ಹೋಗುವುದು? ಕಾರಿಂಗ್‌ಳ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು ಊಟ ಮಾಡುವುದಕ್ಕೆ ಏನು ನೆಪ ಹೇಳುವುದು? ಇಷ್ಟೇ ಅವನ ಚಿಂತೆ. ಆದರೆ ಅದು ಚಿಕ್ಕದಾಗಿರಲಿಲ್ಲ.

ಕಾರಿಂಗ್ ಬ್ವೆನಾವಿಸ್ತಾದ ಚರ್ಚಿನ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವಳು. ಒಂದು ಪೆಸೊ ನಾಣ್ಯ ತೂರಿದರೆ ಕೆಲವು ನಿಮಿಷ ಆಟ, ಇನ್ನೊಂದು ತೂರಿದರೆ ಇನ್ನಷ್ಟು ನಿಮಿಷ. ಆ ಯಂತ್ರಗಳೆಲ್ಲ ಸುಮಾರಾಗಿ ಹೊಸವು. ಮೂಲೆಯಲ್ಲಿ, ಬಾಲಯೇಸುವಿನ ಗೂಡಿನ ಕೆಳಗೆ, ನಾಣ್ಯದ ಡಬ್ಬಿಯಿಲ್ಲದ ಒಂದು ಯಂತ್ರ ಮಾತ್ರ ಎಕ್ಸ್‌ಪಿ ಎಂಬ ಹಳೇ ತಂತ್ರಾಂಶದಲ್ಲೇ ಓಡುತ್ತಿತ್ತು. ಅದನ್ನು ಮುಟ್ಟುವ ಧೈರ್ಯ ಆ ಬೀದಿಯ ಯಾವ ಪೋರನಿಗೂ ಇರಲಿಲ್ಲ. ಮುಟ್ಟಿದವನ ಕಿವಿ ಅವನ ಬಳಿ ಉಳಿಯುತ್ತಿರಲಿಲ್ಲ.

ಅದು ಅವಳ ಗಂಡ ಎಲ್ಪಿದಿಯೊ ತಂದುಕೊಟ್ಟದ್ದು. ಸರಕು ಹಡಗಿನಲ್ಲಿ ಎಣ್ಣೆ ಹಾಕುವ ಕೆಲಸದವನು. ರಜೆಗೆ ಬಂದಾಗ ಯಂತ್ರ ಹೂಡಿ, ಅವಳ ಹೆಸರಿನಲ್ಲಿ ಒಂದು ಚಾಟ್ ಖಾತೆ ತೆರೆದು, ಪಾಸ್‌ವರ್ಡನ್ನು ತಾನೇ ಹೊಡೆದು, 'ನೀನು ಏನೂ ಮಾಡ್ಬೇಡ, ಸುಮ್ನೆ ಆನ್ ಮಾಡು, ನಾನು ಬಂದ್ರೆ ನನ್ನ ಹೆಸರಿನ ಪಕ್ಕ ದೀಪ ಹಸಿರಾಗತ್ತೆ' ಎಂದು ಹೇಳಿ ಹಡಗು ಹತ್ತಿದ. ಒಂದು ವರ್ಷ ದೀಪ ಹಸಿರಾಗುತ್ತಿತ್ತು. ಆಮೇಲೆ ಬ್ರೆಜಿಲಿನ ಯಾವುದೋ ಬಂದರಿನಲ್ಲಿ ಇಳಿದವನು ಹಡಗಿಗೆ ಮರಳಲಿಲ್ಲ ಎಂದು ಏಜೆನ್ಸಿಯವರು ಹೇಳಿದರು. ಅದಕ್ಕೂ ಎರಡು ದಿನ ಮೊದಲು ಅವನು ಬರೆದ ಕೊನೆಯ ಮಾತು, 'ಇಲ್ಲೇ ಬರೀತೀನಿ. ಆಫ್ ಮಾಡ್ಬೇಡ.' ಅದಾಗಿ ಹನ್ನೆರಡು ವರ್ಷ. ಪಾಸ್‌ವರ್ಡ್ ಅವಳಿಗೆ ಗೊತ್ತಿಲ್ಲ. ಗೊತ್ತಿರುವುದು ಆ ಯಂತ್ರಕ್ಕೆ ಮಾತ್ರ. ಬೇರೆ ಕಂಪ್ಯೂಟರಿನಲ್ಲಿ ತೆರೆಯಲು ಹೋದರೆ 'ನೀನ್ಯಾರು' ಎಂದು ಕೇಳುತ್ತದೆ. ಹಾಗಾಗಿ ಯಂತ್ರ ಬದುಕಿರಬೇಕು, ಇಂಟರ್‌ನೆಟ್‌ನಲ್ಲಿ ಇರಬೇಕು, ವೈರಸ್ ಹತ್ತಬಾರದು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಐದು ವರ್ಷದ ಹಿಂದೆ ಅಮೆರಿಕದ ಕಂಪನಿಯವರು ಎಕ್ಸ್‌ಪಿಗೆ ಇನ್ನು ಅಪ್‌ಡೇಟ್ ಕೊಡುವುದಿಲ್ಲ ಎಂದು ಕೈ ತೊಳೆದುಕೊಂಡಾಗ ಅವಳು ದೋಣಿ ಹತ್ತಿ ಇಲೊಯಿಲೊಗೆ ಬಂದು, ರಿಪೇರಿ ಅಂಗಡಿಗಳ ಸಾಲಿನಲ್ಲಿ ಒಬ್ಬೊಬ್ಬರನ್ನೇ ಕೇಳಿದ್ದಳು. ಎಲ್ಲರೂ 'ಬಿಸಾಕಿ, ಹೊಸದು ತಗೊಳ್ಳಿ' ಎಂದಿದ್ದರು. ತಿರ್ಸೊ ಒಬ್ಬನೇ 'ಯಾಕೆ ಬಿಸಾಕಲ್ಲ?' ಎಂದು ಕೇಳಿದ. ಅವಳು ಹೇಳಿದಳು. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಪೂರ್ತಿ ಕೇಳಿದ. ಅವನ ಬದುಕು ಕೆಟ್ಟದ್ದು ಅವತ್ತೇ.

ಉಪಾಯ ಅವನಿಗೆ ಗೊತ್ತಿತ್ತು. ಅಂಗಡಿಗಳಲ್ಲಿ ಬಿಲ್ಲು ಹಾಕುವ ಯಂತ್ರಗಳಿರುತ್ತವಲ್ಲ, ಅವುಗಳ ಹೊಟ್ಟೆಯಲ್ಲೂ ಇರುವುದು ಇದೇ ಎಕ್ಸ್‌ಪಿಯ ಕರುಳು. ಆ ಅಂಗಡಿಯವರಿಗೆ ಮಾತ್ರ ಕಂಪನಿ ಇನ್ನೈದು ವರ್ಷ ತೇಪೆ ಹಾಕಿಕೊಡುತ್ತೇನೆಂದು ಮಾತು ಕೊಟ್ಟಿತ್ತು. ಮನೆಯ ಯಂತ್ರದೊಳಗೆ ಒಂದೇ ಒಂದು ಸಾಲು ಸೇರಿಸಿದರೆ ಅದು ಅಮೆರಿಕದ ಕಡೆ ಮುಖ ಮಾಡಿ, 'ನಾನೂ ಬಿಲ್ಲು ಹಾಕುವ ಯಂತ್ರವೇ ಸ್ವಾಮಿ' ಎನ್ನುತ್ತದೆ. ಆ ಕಡೆಯವರು ಗುರುತಿನ ಚೀಟಿ ಕೇಳುವುದಿಲ್ಲ, ಅಪ್‌ಡೇಟ್ ಕಳಿಸುತ್ತಾರೆ. ಹಾಗೆ ಮಾಡಬೇಡಿ ಎಂದು ಕಂಪನಿಯೇ ಹೇಳಿತ್ತು. ಹೇಳಿದ್ದನ್ನೆಲ್ಲ ಕೇಳಿಕೊಂಡಿದ್ದರೆ ರಿಪೇರಿ ಅಂಗಡಿಯವರು ಉಪವಾಸ ಬೀಳಬೇಕಾಗುತ್ತದೆ.

ತಿರ್ಸೊ ಬಂದು ಆ ಸಾಲು ಸೇರಿಸಿದ ದಿನ ಕಾರಿಂಗ್ ಹಿಂದೆ ನಿಂತು ನೋಡುತ್ತಿದ್ದಳು.

"ಅಂದ್ರೆ ಇದು ಸುಳ್ಳು ಹೇಳತ್ತೆ," ಅಂದಳು.

"ಯಂತ್ರ ಅಲ್ವಾ ಮ್ಯಾಮ್. ಅದಕ್ಕೇನು ಪಾಪ ತಟ್ಟತ್ತೆ?"

"ಅದಕ್ಕಲ್ಲ ನೋಂಗ್, ನಂಗೆ. ಅದು ನನ್ನ ಯಂತ್ರ ತಾನೆ?" ಆ ಕಡೆ ತಮಗಿಂತ ದೊಡ್ಡವರನ್ನು 'ನೋಂಗ್', ಅಂದರೆ ಅಣ್ಣ, ಎಂದೇ ಕರೆಯುವುದು.

ಆ ಭಾನುವಾರ ಅವಳು ಪಾದ್ರಿಗಳ ಮುಂದೆ ಮಂಡಿಯೂರಿ ಇದನ್ನೂ ಒಂದು ಪಾಪವೆಂದು ಒಪ್ಪಿಸಿದಳಂತೆ. ಪಾದ್ರಿಗಳು ನಗು ತಡೆಯಲಾರದೆ ಕೆಮ್ಮಿದರಂತೆ. ಅವಳಿಗೆ ಸಮಾಧಾನವಾಗಲಿಲ್ಲ. ಮರುದಿನದಿಂದ ಅಂಗಡಿಯಲ್ಲಿ ಮಾರುವ ಬಿಸ್ಕತ್ತು, ಸೋಪು, ಮೀನಿನ ಡಬ್ಬಿ ಎಲ್ಲವನ್ನೂ ಆ ಯಂತ್ರದಲ್ಲೇ ಬರೆದಿಡತೊಡಗಿದಳು. ಈಗ ಅದು ಬಿಲ್ಲು ಹಾಕುವ ಯಂತ್ರವೇ ಆಯಿತಲ್ಲ, ಇನ್ನೆಲ್ಲಿಯ ಸುಳ್ಳು? ಮುಂದಿನ ತಿಂಗಳು ಬಂದು ಇದನ್ನು ಕಂಡ ತಿರ್ಸೊ ನಗಲಿಲ್ಲ. ಇಂಥ ಹೆಂಗಸನ್ನು ಬಿಟ್ಟು ಬ್ರೆಜಿಲಿನಲ್ಲಿ ಇಳಿದವನು ಎಂಥ ದಡ್ಡ ಎಂದುಕೊಂಡ. ಹಾಗೆ ಅಂದುಕೊಂಡದ್ದೇ ತಪ್ಪು ಎಂದು ಅವನಿಗೂ ಗೊತ್ತಿತ್ತು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಒಂದು ಸಲ ಆ ಸಾಲು ಸೇರಿಸಿದ ಮೇಲೆ ಅವನು ಬರುವ ಅಗತ್ಯವೇ ಇರಲಿಲ್ಲ. ಅಪ್‌ಡೇಟುಗಳನ್ನು ತಾನಾಗಿಯೇ ಇಳಿಸಿಕೊಂಡು ತಾನಾಗಿಯೇ ಹಾಕಿಕೊಳ್ಳುವಂತೆ ಮೊದಲ ದಿನವೇ ಹೊಂದಿಸಿದ್ದ. ಆದರೆ ಹೊರಡುವಾಗ ಅವಳು 'ಮುಂದಿನ ತಿಂಗಳೂ ನೀವೇ ಬಂದು ಹಾಕ್ಬೇಕಾ ನೋಂಗ್?' ಎಂದು ಕೇಳಿದಾಗ ಅವನ ಬಾಯಿಂದ 'ಹೂಂ ಮ್ಯಾಮ್' ಎಂದು ಬಂದುಬಿಟ್ಟಿತು. ಬಂದ ಮಾತನ್ನು ನುಂಗಲು ಆಗಲಿಲ್ಲ. ಮೂವತ್ತು ವರ್ಷ ಯಾರಿಗೂ ಒಂದು ಪೆಸೊ ಹೆಚ್ಚು ಹೇಳದ ಮನುಷ್ಯ, ತಿಂಗಳು ತಿಂಗಳೂ ದೋಣಿ ಹತ್ತಿ ಬಂದು ಸುಳ್ಳು ಸುಳ್ಳೇ ಕೀಬೋರ್ಡ್ ಕುಟ್ಟತೊಡಗಿದ.

ಯಂತ್ರವೂ ಅವನ ಪರವಾಗಿಯೇ ಇತ್ತು. ವಯಸ್ಸಾದಂತೆ ಎಕ್ಸ್‌ಪಿಗೆ ಒಂದು ರೋಗ ಬಂದಿತ್ತು. ಯಾವ ಅಪ್‌ಡೇಟ್ ಬೇಕೆಂದು ಹುಡುಕಲು ಶುರು ಮಾಡಿದರೆ ಫ್ಯಾನು ಗೊರಗೊರ ಅನ್ನುತ್ತ ಎರಡು ಮೂರು ತಾಸು ಹುಡುಕುತ್ತಲೇ ಇರುತ್ತಿತ್ತು. ಅಷ್ಟು ಹೊತ್ತು ಬಂದವರನ್ನು ಸುಮ್ಮನೆ ಕೂರಿಸಲಾದೀತೇ? ತೊಗರಿಕಾಳು, ಎಳೆ ಹಲಸು, ಹಂದಿಮಾಂಸ ಹಾಕಿದ ಹುಳಿ ಬೇಯುತ್ತಿತ್ತು. ಅನ್ನ ಬರುತ್ತಿತ್ತು. ಅವಳು ಮಾತಾಡುತ್ತಿದ್ದಳು. ಅವನು ಕೇಳುತ್ತಿದ್ದ. ಕಡೆಗೆ ಯಂತ್ರ ಆರಿ ಹತ್ತುತ್ತಿತ್ತು, ಚಾಟಿನ ಕಿಟಕಿ ತೆರೆದುಕೊಳ್ಳುತ್ತಿತ್ತು. ಇಬ್ಬರೂ ಒಂದೇ ಕಡೆ ನೋಡುತ್ತಿದ್ದರು. ಎಲ್ಪಿದಿಯೊ ಎಂಬ ಹೆಸರಿನ ಪಕ್ಕದ ದೀಪ ಬೂದಿ ಬಣ್ಣದಲ್ಲೇ ಇರುತ್ತಿತ್ತು. ಆಗ ಅವಳ ಮುಖ ಸಪ್ಪಗಾಗುತ್ತಿತ್ತು, ಅವನ ಎದೆ ಹಗುರಾಗುತ್ತಿತ್ತು. ಹಾಗೆ ಹಗುರಾದದ್ದಕ್ಕೆ ನಾಚಿಕೊಂಡು ಅವನು ಬೇಗ ಬೇಗ ಚೀಲ ತುಂಬಿಕೊಳ್ಳುತ್ತಿದ್ದ.

ಇವತ್ತು ದೋಣಿ ಇಳಿದು ಚರ್ಚಿನ ಹಿಂದಿನ ಬೀದಿಗೆ ತಿರುಗಿದಾಗ ಅಂಗಡಿಯ ಎದುರು ಸಕ್ಕರೆ ಸವರಿ ಬಾಳೆಹಣ್ಣು ಕರಿಯುತ್ತಿದ್ದ ಮನಾಂಗ್ ಲೂಮೆನ್ ಜಾಲರಿ ಸೌಟನ್ನು ಎತ್ತಿ ಹಿಡಿದಳು. ಆ ಬೀದಿಗೆಲ್ಲ ಅಕ್ಕನಂತಿದ್ದ ಅವಳ ನಾಲಿಗೆ ಎಣ್ಣೆಗಿಂತ ಬಿಸಿ.

"ಬಂದ್ರಪ್ಪಾ ಡಾಕ್ಟ್ರು! ಏನ್ ತಿರ್ಸೊ, ಯಂತ್ರಕ್ಕೆ ಇಂಜೆಕ್ಷನ್ನೋ, ಯಜಮಾನಿಗೋ?"

"ಮನಾಂಗ್, ನಿಮ್ಮ ಹಣ್ಣು ಸೀದುಹೋಗ್ತಿದೆ ನೋಡ್ಕೊಳ್ಳಿ."

"ಹಣ್ಣು ಸೀದ್ರೆ ಇನ್ನೊಂದು ಹಾಕ್ತೀನಿ. ನೀನು ಐದು ವರ್ಷದಿಂದ ಸೀದುಹೋಗ್ತಿದ್ದೀಯಲ್ಲೋ, ನಿನ್ನ ಯಾರು ತಿರುಗಿಸಿ ಹಾಕ್ತಾರೆ?"

ತಿರ್ಸೊ ಒಳಗೆ ನುಗ್ಗಿದ.

ಕಾರಿಂಗ್ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಅಡಿಗೆಮನೆಯಿಂದ ಬಂದಳು. ನಲವತ್ತೊಂಬತ್ತರ ಹೆಂಗಸು, ಎತ್ತಿ ಕಟ್ಟಿದ ಕೂದಲು, ಕತ್ತಿನಲ್ಲಿ ತೆಳು ಶಿಲುಬೆ. "ಇವತ್ತು ಅಲೆ ಜೋರಿತ್ತಾ?" ಎಂದು ಕೇಳಿದಳು. ಪ್ರತಿ ತಿಂಗಳೂ ಕೇಳುವ ಪ್ರಶ್ನೆ. ಅವನು "ಪರವಾಗಿಲ್ಲ ಮ್ಯಾಮ್" ಅಂದ. ಯಂತ್ರದ ಮುಂದೆ ಕೂತು ಹುಡುಕಲು ಬಿಟ್ಟ. ಫ್ಯಾನು ಗೊರಗೊರ ಅಂದಿತು. ಇಂದು ಅದು ಇಡೀ ದಿನ ಹುಡುಕಿದರೂ ಅವನ ಅಭ್ಯಂತರವಿರಲಿಲ್ಲ.

ಊಟಕ್ಕೆ ಕೂತಾಗ ಹೇಳಬೇಕೆಂದು ದೋಣಿಯಲ್ಲೇ ಮಾತು ಜೋಡಿಸಿಕೊಂಡಿದ್ದ. ಹುಳಿ ಬಡಿಸಿದಳು. ಅರ್ಧ ತಟ್ಟೆ ಖಾಲಿಯಾಯಿತು. ಕಡೆಗೆ ತಟ್ಟೆಯನ್ನೇ ನೋಡುತ್ತ ಹೇಳಿದ.

"ಇದೇ ಕೊನೇದು ಮ್ಯಾಮ್. ಅವರು ಕೊಟ್ಟ ಮಾತು ಐದು ವರ್ಷದ್ದು. ಇವತ್ತಿಗೆ ಮುಗೀತು. ಮೇ ತಿಂಗಳಿಂದ ಏನೂ ಬರಲ್ಲ."

ಅವಳ ಕೈಯ ಸೌಟು ಪಾತ್ರೆಯ ಮೇಲೆ ನಿಂತಿತು. "ಏನೂ ಅಂದ್ರೆ?"

"ಏನೂ. ಹೊಸ ವೈರಸ್ ಬಂದ್ರೆ ತಡೆಯೋರಿಲ್ಲ. ಬೇಕಾದ್ರೆ ಇದಕ್ಕೊಂದು ಬೇರೆ ಗೋಡೆ ಕಟ್ಟಿಕೊಡ್ತೀನಿ, ಚಾಟ್ ಬಿಟ್ಟು ಬೇರೆಲ್ಲೂ ಹೋಗದ ಹಾಗೆ. ಒಂದಷ್ಟು ವರ್ಷ ತಳ್ಳತ್ತೆ."

"ಗೋಡೆ ಕಟ್ಟಿದ್ಮೇಲೆ?"

"ಆಮೇಲೆ ನಾನು ನೋಡೋ ಅಂಥದ್ದೇನಿರಲ್ಲ."

ಅವಳು ಇನ್ನೊಂದು ಸೌಟು ಬಡಿಸಿದಳು. ಸಾಕು ಎಂದರೂ ಬಡಿಸಿದಳು. ಆಮೇಲೆ ಎದ್ದು ನೀರು ತರಲು ಹೋದವಳು ಸ್ವಲ್ಪ ಹೊತ್ತು ಬರಲೇ ಇಲ್ಲ.

ಊಟವಾಗಿ ಅವನು ಯಂತ್ರದ ಬಳಿ ಬಂದಾಗ ಹುಡುಕಾಟ ಮುಗಿದಿತ್ತು. ಕೊನೆಯ ಕಂತನ್ನು ಹಾಕಿದ. ಯಂತ್ರ ಆರಿ ಹತ್ತಿತು. ಚಾಟ್ ತೆರೆದುಕೊಂಡಿತು. ದೀಪ ಬೂದಿ. ಇನ್ನುಳಿದದ್ದು ಒಂದೇ ಕೆಲಸ. ತಾನಾಗಿ ಹುಡುಕುವುದನ್ನು ಆಫ್ ಮಾಡಿಬಿಡಬೇಕು. ಇಲ್ಲದಿದ್ದರೆ ಈ ಮುದಿ ಯಂತ್ರ ಬರದೇ ಇರುವ ಅಪ್‌ಡೇಟಿಗಾಗಿ ಹಗಲೂ ರಾತ್ರಿ ಗೊರಗುಟ್ಟುತ್ತದೆ. ಅವನು ಆ ಪುಟ ತೆರೆದ. ಐದು ವರ್ಷದಲ್ಲಿ ಅವನು ಆ ಪುಟ ತೆರೆದದ್ದು ಇದೇ ಎರಡನೆಯ ಸಲ.

ಅದು ಮೊದಲೇ ಆಫ್ ಆಗಿತ್ತು.

ಅವನು ಹೊಂದಿಸಿದ್ದು ಚೆನ್ನಾಗಿ ನೆನಪಿದೆ. ಇದನ್ನು ಆಫ್ ಮಾಡಿದರೆ ಮೂಲೆಯಲ್ಲಿ ಕೆಂಪು ಗುರಾಣಿಯ ಚಿತ್ರ ಬಂದು 'ಅಪಾಯ, ಅಪಾಯ' ಎಂದು ಗೋಳಾಡಬೇಕು. ಗೋಳಾಡುತ್ತಿಲ್ಲ ಎಂದರೆ ಬೇರೆ ಕಡೆ ಹೋಗಿ ಆ ಎಚ್ಚರಿಕೆಯ ಬಾಯನ್ನೂ ಯಾರೋ ಮುಚ್ಚಿಸಿದ್ದಾರೆ. ಕೈ ತಪ್ಪಿ ಆಗುವ ಕೆಲಸವಲ್ಲ. ಅಂದರೆ ಇಷ್ಟು ವರ್ಷ ಈ ಯಂತ್ರಕ್ಕೆ ಬಿದ್ದ ಒಂದೊಂದು ತೇಪೆಯೂ ಅವನ ಕೈಯಿಂದಲೇ ಬಿದ್ದದ್ದು. ಅವನು ಒಂದು ತಿಂಗಳು ಬರದಿದ್ದರೆ ಏನೂ ಬೀಳುತ್ತಿರಲಿಲ್ಲ. ಹೆಚ್ಚುಕಡಿಮೆ ಪ್ರತಿ ಸಲ ಬಂದಾಗಲೂ ಅಪ್‌ಡೇಟುಗಳು ಕಾದು ಕೂತಿರುವುದನ್ನು ಕಂಡು, ದ್ವೀಪದ ಇಂಟರ್‌ನೆಟ್ ನಿಧಾನ, ತಾನಾಗಿ ಬರಲು ತಡವಾಗಿದೆ ಎಂದುಕೊಂಡಿದ್ದ. ಸುಳ್ಳು ಕೆಲಸ ಮಾಡುತ್ತಿದ್ದೇನೆಂದು ನಾಚಿಕೊಂಡು ಅವನು ಮಾಡಿದ್ದೆಲ್ಲ ನಿಜವಾದ ಕೆಲಸವಾಗಿತ್ತು.

"ಮ್ಯಾಮ್, ಇದನ್ನ ಯಾರಾದ್ರೂ ಮುಟ್ಟಿದ್ರಾ?"

ಅವಳು ಅವನ ಹೆಗಲ ಹಿಂದೆಯೇ ನಿಂತಿದ್ದಳು. ಪರದೆ ನೋಡಿದಳು. ಏನು ಎಂದು ಕೇಳಲಿಲ್ಲ.

"ನಾನೇ," ಅಂದಳು. "ನೀವು ಎರಡನೇ ಸಲ ಬಂದು ಹೋದ್ಮೇಲೆ."

"ಯಾಕೆ?"

"ಅವತ್ತು ಬೆಳಗ್ಗೆ ನೀವು ಬರೋಕೆ ಮುಂಚೆನೇ ಅದು ತಾನಾಗಿ ಇಳಿಸ್ಕೊಂಡು, ಹಾಕ್ಕೊಂಡು, ಆಯ್ತು ಅಂತ ಹೇಳ್ತು. ನಾನು ಓದಿದೆ. ಹತ್ತು ಗಂಟೆಗೆ ನೀವು ಇಸ್ತ್ರಿ ಅಂಗಿ ಹಾಕ್ಕೊಂಡು ಬಂದ್ರಿ. ಮೂರು ತಾಸು ಕೂತು ಏನೇನೋ ಕುಟ್ಟಿದ್ರಿ. ಹೋಗುವಾಗ ದುಡ್ಡು ಕೊಡೋಕೆ ಹೋದ್ರೆ ಬೇಡ ಅಂದ್ರಿ."

ತಿರ್ಸೊನ ಕಿವಿ ಕೆಂಪಾಯಿತು. ನೆಲ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದ.

"ನಾನು ಯೋಚನೆ ಮಾಡ್ದೆ ನೋಂಗ್. ಈ ಮನುಷ್ಯ ಒಳ್ಳೆಯವನು, ಸುಳ್ಳು ಹೇಳೋದು ಬರಲ್ಲ. ಇವತ್ತಲ್ಲ ನಾಳೆ ಮನಸ್ಸು ಚುಚ್ಚತ್ತೆ, ಬರೋದು ನಿಲ್ಲಿಸ್ತಾನೆ. ಅದಕ್ಕೆ ನಿಮಗೆ ಕೆಲಸ ಇರ್ಲಿ ಅಂತ."

ಹೊರಗೆ ಲೂಮೆನ್ ಯಾರಿಗೋ ಚಿಲ್ಲರೆ ಇಲ್ಲ ಎಂದು ಬೈಯುತ್ತಿದ್ದಳು. ತಿರ್ಸೊಗೆ ಒಮ್ಮೆಲೇ ಎರಡು ವರ್ಷದ ಹಿಂದಿನ ಮಾರ್ಚ್ ನೆನಪಾಯಿತು. ಆ ವರ್ಷ ಮೇ ತಿಂಗಳಲ್ಲಿ ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಲೋಕವನ್ನೆಲ್ಲ ಸುತ್ತಿ ಬಂದಿತ್ತು. ಅದರ ಮದ್ದು ಮಾರ್ಚ್ ತಿಂಗಳ ಕಂತಿನಲ್ಲಿತ್ತು.

"ಆ ಮಾರ್ಚಲ್ಲಿ ನಂಗೆ ಜ್ವರ ಇತ್ತು," ಅಂದ. "ದೋಣಿಯಲ್ಲಿ ಮಲಗಿಕೊಂಡೇ ಬಂದಿದ್ದೆ. ಆ ಜ್ವರ ಮೇವರೆಗೂ ಎಳೆದು ನಾನು ಬರ್ದೇ ಇದ್ದಿದ್ರೆ ಏನಾಗ್ತಿತ್ತು ಗೊತ್ತಾ ನಿಮ್ಗೆ? ಯಂತ್ರ ಹೋಗ್ತಿತ್ತು. ಖಾತೆ ಹೋಗ್ತಿತ್ತು. ಅವರು ಬರೆದ್ರೂ ನಿಮ್ಗೆ ಸಿಗ್ತಾ ಇರ್ಲಿಲ್ಲ!"

"ಗೊತ್ತು."

"ಗೊತ್ತಿದ್ದೂ ಆಫ್ ಮಾಡಿಟ್ಟಿದ್ರಾ?"

"ನೀವು ಬಂದ್ರಲ್ಲ," ಅಂದಳು ಕಾರಿಂಗ್. ಆಮೇಲೆ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಐದು ವರ್ಷದಲ್ಲಿ ಅವಳು ಆ ಯಂತ್ರದ ಮುಂದೆ ಅವನ ಪಕ್ಕ ಕೂತದ್ದು ಇದೇ ಮೊದಲು.

ಗಂಡನಿಗಾಗಿ ತೆರೆದಿಟ್ಟ ಒಂದೇ ಒಂದು ಬಾಗಿಲನ್ನು ಅವಳು ಇವನು ಬರಲೆಂದು ಪಣವಾಗಿಟ್ಟಿದ್ದಳು. ಅದೂ ಪ್ರತಿ ತಿಂಗಳು. ತಿರ್ಸೊಗೆ ಸಂತೋಷವಾಯಿತೋ ಭಯವಾಯಿತೋ ಬಿಡಿಸಿ ಹೇಳುವುದು ಕಷ್ಟ. ಕಣ್ಣಂತೂ ತುಂಬಿತು. ಅದನ್ನು ಮರೆಮಾಡಲು ಮೌಸನ್ನು ಸುಮ್ಮನೆ ಆಡಿಸಿದ.

"ಹೋದ ವರ್ಷ ಇಲ್ಲೇ ಹೊರ್ದಾನ್ ಊರಿಗೆ ಹೋಗಿ ಒಬ್ಬ ಲಾಯರನ್ನ ಕಂಡಿದ್ದೆ," ಅವಳು ಮೆಲ್ಲಗೆ ಹೇಳಿದಳು. "ಯಾಕೆ ಅಂತ ಕೇಳ್ಬೇಡಿ, ನಿಮ್ಗೇ ಗೊತ್ತಾಗತ್ತೆ. ನಮ್ಮ ದೇಶದಲ್ಲಿ ಡೈವೋರ್ಸ್ ಅನ್ನೋದಿಲ್ಲವಲ್ಲ. ಇರೋದು ಒಂದೇ ದಾರಿ ಅಂದ್ರು. ಗಂಡ ಸತ್ತಿದ್ದಾನೆ ಅಂತ ಮನಸಾರೆ ನಂಬಿದೀನಿ ಅಂತ ಜಡ್ಜ್ ಮುಂದೆ ಆಣೆ ಇಡ್ಬೇಕಂತೆ. ಆಮೇಲೆ ಬೇರೆ ಮದುವೆ ಆಗ್ಬಹುದಂತೆ."

ತಿರ್ಸೊ ಅವಳ ಕಡೆ ತಿರುಗಿದ.

"ನನ್ ಕೈಲಿ ಆಗ್ಲಿಲ್ಲ ನೋಂಗ್. ನಂಬಿದ್ರೆ ಆಣೆ ಇಡ್ತಿದ್ದೆ. ಅವನು ಸತ್ತಿಲ್ಲ. ಅಲ್ಲೆಲ್ಲೋ ಚೆನ್ನಾಗಿ ತಿಂದ್ಕೊಂಡು, ಇನ್ಯಾರದ್ದೋ ಮಕ್ಕಳನ್ನ ಎತ್ಕೊಂಡು ಇದಾನೆ. ಬರೀತಿಲ್ಲ, ಅಷ್ಟೇ. ಇದು ನಂಗೆ ಯಾವತ್ತೋ ಗೊತ್ತು."

"ಹಾಗಾದ್ರೆ ಇದನ್ನ ಯಾಕೆ ಹತ್ತಿಸಿಟ್ಟಿದೀರಿ?"

"ಸುಳ್ಳು ಹೇಳಲ್ಲ. ಈಗ್ಲೂ ಬೆಳಗ್ಗೆ ಎದ್ದ ತಕ್ಷಣ ಆ ದೀಪಾನೇ ನೋಡ್ತೀನಿ. ಹಸಿರಾದ್ರೆ ಚೆನ್ನಾಗಿರತ್ತೆ ಅನ್ಸತ್ತೆ. ನೋಡಿ ಆದ್ಮೇಲೆ ನಿಮ್ಮ ಬುಧವಾರಕ್ಕೆ ಎಷ್ಟು ದಿನ ಇದೆ ಅಂತ ಲೆಕ್ಕ ಹಾಕ್ತೀನಿ. ಎರಡೂ ನಿಜ. ಏನ್ ಮಾಡ್ಲಿ?"

ತಿರ್ಸೊ ಬಾಯಿಗೆ ಬಂದದ್ದನ್ನೇ ಕೇಳಿದ.

"ಅವರು ಬರೆದ್ರೆ?"

"ಬರೆದ್ರೆ ಓದ್ತೀನಿ. ಅಳ್ತೀನಿ. ಆಮೇಲೆ ಏನು ಬರೆದಿದಾನೆ ಅಂತ ನಿಮಗೆ ಹೇಳ್ತೀನಿ. ಬೇರೆ ಯಾರಿಗೆ ಹೇಳ್ಲಿ ನಾನು?"

ಅವನು ಕೈಯಿಂದ ಮೌಸ್ ಬಿಟ್ಟ. ಅವಳ ಕೈ ಅಲ್ಲೇ, ಮೇಜಿನ ಮೇಲೆ, ಒಂದು ಗೇಣು ದೂರದಲ್ಲಿತ್ತು. ಹಿಡಿಯಬೇಕೆನಿಸಿತು. ಹೊರಗಿನಿಂದ ಲೂಮೆನ್ ನೋಡುತ್ತಿದ್ದಾಳೆ ಎಂಬುದು ಬೆನ್ನಿಗೇ ಗೊತ್ತಾಗುತ್ತಿತ್ತು. ಹಿಡಿಯಲಿಲ್ಲ. ಅವಳೂ ತೆಗೆಯಲಿಲ್ಲ.

"ಕೆಲಸ ಇಲ್ದೆ ಬಂದ್ರೆ ಜನ ಏನಂತಾರೆ ಮ್ಯಾಮ್?"

"ಕೆಲಸ ಇಲ್ಲ ಅಂದ್ಕೊಂಡೇ ತಾನೆ ಐದು ವರ್ಷ ಬಂದ್ರಿ? ಆವಾಗ ಇಲ್ದೇ ಇದ್ದ ಜನ ಈಗ ಎಲ್ಲಿಂದ ಬಂದ್ರು?" ಎಂದು ನಕ್ಕಳು. ನಗು ಅರ್ಧದಲ್ಲೇ ನಿಂತಿತು. "ಇನ್ನೆಷ್ಟು ವರ್ಷ ಮ್ಯಾಮ್ ಮ್ಯಾಮ್ ಅಂತೀರಿ? ನಂಗೊಂದು ಹೆಸರಿದೆ."

"ಕಾರಿಂಗ್," ಅಂದ ತಿರ್ಸೊ.

ಅವಳು ಬೇಗನೆ ಮುಖ ತಿರುಗಿಸಿ, ಪರದೆಯ ಮೇಲಿನ ಆ ಪುಟವನ್ನು ತಾನೇ ಮುಚ್ಚಿದಳು. ಗಟ್ಟಿಯಾಗಿ ಹೇಳಿದರೆ ಎಲ್ಲಿ ಒಡೆದುಹೋಗುತ್ತದೋ ಎನ್ನುವಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಅಪ್‌ಡೇಟ್ ಮುಗೀತು ಅಂದ್ಮೇಲೆ, ಇನ್ನು ಒಂದು ತಿಂಗಳು ಕಾಯ್ಲೇಬೇಕು ಅಂತೇನಿಲ್ಲ ಅಲ್ವಾ?"